ಫ್ಲಾಟ್ ಮನೆಯ ಅಡುಗೆಮನೆ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಾಟ್‌ಗಳಲ್ಲಿ ಹಳೇ ಅಡುಗೆಮನೆಯನ್ನು ಹೊಸದು ಮಾಡಿಸಿಕೊಡುವುದು ನನ್ನ ಕೆಲಸ. ಟೇಪ್ ಹಿಡಿದು ಅಳತೆಗೆ ಹೋದಾಗ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ವಾಟ್ಸಾಪಿನಲ್ಲಿ, ಒಮ್ಮೊಮ್ಮೆ ಪತ್ರದಲ್ಲಿ ಕೂಡ ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ.

## ಶುರು ಮಾಡುವ ಮೊದಲು

ನಮ್ಮದು 8 ಅಡಿ ಉದ್ದ, 7 ಅಡಿ ಅಗಲದ ಅಡುಗೆಮನೆ. ಇಷ್ಟರಲ್ಲಿ ಏನು ಮಾಡೋಕಾಗುತ್ತೆ ಮೇಡಂ?

ತುಂಬಾ ಮಾಡಬಹುದು, ಆದರೆ ಎರಡೂ ಕಡೆ ಕಟ್ಟೆ ಕಟ್ಟಿಸೋಕೆ ಹೋಗಬೇಡಿ. ಲೆಕ್ಕ ಹಾಕಿ ನೋಡಿ. ಕಟ್ಟೆ ಒಂದೊಂದು 2 ಅಡಿ ಆಳ. 7 ಅಡಿಯಲ್ಲಿ 4 ಅಡಿ ಕಟ್ಟೆಗೇ ಹೋದರೆ ನಡುವೆ ಉಳಿಯುವುದು 3 ಅಡಿ. ಒಬ್ಬರು ಡ್ರಾಯರ್ ಎಳೆದು ಬಗ್ಗಿದರೆ ಇನ್ನೊಬ್ಬರು ದಾಟೋಕಾಗಲ್ಲ. ಮೂರೂವರೆಯಿಂದ 4 ಅಡಿ ಓಡಾಟದ ಜಾಗ ಬೇಕೇ ಬೇಕು. ಆದ್ದರಿಂದ ಎಲ್ ಆಕಾರವೇ ಸರಿ. ಫ್ರಿಜ್ಜನ್ನು ಬಾಗಿಲಿನ ಹೊರಗೆ, ಊಟದ ಮೇಜಿನ ಹತ್ತಿರ ಇಡಿ.

ಅದಕ್ಕಿಂತ ಮೊದಲು ಒಂದು ಕೆಲಸ. ಅಡುಗೆಮನೆಯಲ್ಲಿರುವುದನ್ನೆಲ್ಲ ಹಾಲಿಗೆ ತಂದು ಸುರಿಯಿರಿ. ಮುಚ್ಚಳವಿಲ್ಲದ ಡಬ್ಬ, ಹಿಡಿ ಮುರಿದ ಬಾಣಲೆ, ಗೃಹಪ್ರವೇಶಕ್ಕೆ ಬಂದು ಪೆಟ್ಟಿಗೆಯಲ್ಲೇ ಉಳಿದ ಡಿನ್ನರ್ ಸೆಟ್ ಎಲ್ಲಾ ಹೊರಗೆ ಬರುತ್ತವೆ. ಅಷ್ಟನ್ನು ಸಾಗಹಾಕಿದರೆ ಎಷ್ಟೋ ಮನೆಗಳಲ್ಲಿ ಒಂದು ಕಪಾಟೇ ಉಳಿಯುತ್ತದೆ.

ಎಲ್ಲಾ ಒಡೆದು ಹೊಸದಾಗಿ ಮಾಡಿಸಲೇಬೇಕಾ?

ಬೇಕಿಲ್ಲ. ಹಳೇ ಫ್ಲಾಟ್‌ಗಳಲ್ಲಿ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ, ಕಡಪದ್ದೇ ಅಟ್ಟಣೆ ಇರುತ್ತದೆ. ಅದಕ್ಕೆ ನೀರೂ ಹತ್ತಲ್ಲ, ಗೆದ್ದಲೂ ಹಿಡಿಯಲ್ಲ. ಕಲ್ಲು ಗಟ್ಟಿ ಇದ್ದು ಪೈಪು ಸೋರದಿದ್ದರೆ ಅದನ್ನು ಹಾಗೇ ಬಿಟ್ಟು ಮುಂದೆ ಬಾಗಿಲು ಹಾಕಿಸಿ, ಒಂದೆರಡು ಖಾನೆಗೆ ಡ್ರಾಯರ್ ಕೂರಿಸಿ, ನಲ್ಲಿ, ಲೈಟು ಬದಲಾಯಿಸಿ. ಇಷ್ಟಕ್ಕೇ ಅಡುಗೆಮನೆ ಹೊಸದಾದಂತೆ ಕಾಣುತ್ತದೆ. ಹೀಗೆ ಹೇಳಿದರೆ ನನಗೆ ಕೆಲಸ ಕಮ್ಮಿ, ಆದರೂ ಹೇಳುತ್ತೇನೆ.

ಬಾಡಿಗೆ ಮನೆ, ಮೊಳೆ ಹೊಡೆಯೋಕೂ ಓನರ್ ಬಿಡಲ್ಲ. ಏನು ದಾರಿ?

ಕಟ್ಟೆಯ ಮೇಲೆ ನಿಲ್ಲಿಸುವ ಸ್ಟೀಲ್ ಸ್ಟ್ಯಾಂಡ್, ಮೇಲಿನ ಕಪಾಟಿನ ಅಡಿಗೆ ಅಂಟಿಸುವ ಎಲ್‌ಇಡಿ ಪಟ್ಟಿ, ಚಕ್ರವಿರುವ ತರಕಾರಿ ಬುಟ್ಟಿ. ಬಿಡುವಾಗ ಮೂರನ್ನೂ ಎತ್ತಿಕೊಂಡು ಹೋಗಬಹುದು. ಅದಕ್ಕಿಂತ ಜಾಸ್ತಿ ಬಾಡಿಗೆ ಮನೆಗೆ ಸುರಿಯಬೇಡಿ.

ಎಷ್ಟು ದಿನ ಒಲೆ ಇಲ್ಲದೆ ಇರಬೇಕಾಗುತ್ತೆ? ಯಾವ ತಿಂಗಳಲ್ಲಿ ಶುರು ಮಾಡೋದು ಒಳ್ಳೆಯದು?

ಒಡೆಯುವುದು, ಪೈಪು, ವೈರು, ಟೈಲು, ಕಲ್ಲು ಸೇರಿ ಎರಡು ಮೂರು ವಾರ. ಕಲ್ಲು ಕೂತ ಮೇಲೆ ಕಪಾಟಿನ ಅಳತೆ ತೆಗೆಯಬೇಕು. ಅಲ್ಲಿಂದ ಫ್ಯಾಕ್ಟರಿಯಿಂದ ಸಾಮಾನು ಬರಲು ಇನ್ನೊಂದು ತಿಂಗಳು ಹಿಡಿಯಬಹುದು. ಆದರೆ ಕಲ್ಲು ಕೂತ ದಿನವೇ ಒಲೆ ಇಟ್ಟುಕೊಂಡು ಅಡುಗೆ ಶುರು ಮಾಡಬಹುದು. ಅಲ್ಲಿವರೆಗೆ ಯುಟಿಲಿಟಿಯಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಬಕೆಟ್ ನೀರು.

ತಿಂಗಳ ಮಾತಿಗೆ ಬಂದರೆ, ದಸರಾ ಹತ್ತಿರ ಬೇಡವೇ ಬೇಡ. ಮನೆಗೆ ನೆಂಟರು ಬರುತ್ತಾರೆ, ಬಡಗಿಗಳು ಕೈಗೆ ಸಿಗಲ್ಲ. ನನ್ನ ಅನುಭವದಲ್ಲಿ ಆಷಾಢವೇ ವಾಸಿ. ಗೃಹಪ್ರವೇಶ ಇಲ್ಲ, ಮದುವೆ ಇಲ್ಲ, ಕೆಲಸದವರಿಗೆ ಬಿಡುವು. ಹಳೇ ಅಡುಗೆಮನೆ ರಿಪೇರಿಗೆ ಆಷಾಢದ ದೋಷ ಇಲ್ಲ ಅಂತ ನಮ್ಮ ಅತ್ತೆಯೇ ತೀರ್ಮಾನ ಕೊಟ್ಟಿದ್ದಾರೆ.

ವಾಸ್ತು ಪ್ರಕಾರ ಒಲೆ ಆಗ್ನೇಯದಲ್ಲೇ ಇರಬೇಕಂತೆ. ನಮ್ಮದು ಇಲ್ಲ, ಏನು ಮಾಡಲಿ?

ಫ್ಲಾಟಿನಲ್ಲಿ ಅಡುಗೆಮನೆಯನ್ನೇ ಎತ್ತಿ ಆಗ್ನೇಯಕ್ಕೆ ಇಡೋಕಾಗಲ್ಲ, ಅಲ್ವಾ? ಇರುವ ಕೋಣೆಯೊಳಗೇ ಆಗ್ನೇಯ ಮೂಲೆ ನೋಡಿ ಒಲೆ ಇಟ್ಟು, ಅಡುಗೆ ಮಾಡುವವರ ಮುಖ ಪೂರ್ವಕ್ಕೆ ಬರುವಂತೆ ಮಾಡಿದರೆ ಹೆಚ್ಚಿನವರಿಗೆ ಸಮಾಧಾನವಾಗುತ್ತದೆ. ಅದಕ್ಕಾಗಿ ಒಲೆಯನ್ನು ಕಿಟಕಿಯ ಎದುರಿಗೆ ಮಾತ್ರ ತರಬೇಡಿ. ಗಾಳಿಗೆ ಉರಿ ಆರಿದರೆ ಗ್ಯಾಸ್ ಸುಮ್ನೆ ಹೊರಗೆ ಹರಿಯುತ್ತಿರುತ್ತದೆ.

## ಅಳತೆ ಮತ್ತು ಜಾಗ

ಕಟ್ಟೆ ಎತ್ತರ ಎಷ್ಟಿರಬೇಕು? ಎಲ್ಲರೂ 34 ಇಂಚು ಅಂತಾರೆ.

ಎಲ್ಲರಿಗೂ 34 ಅಲ್ಲ. ಚಪ್ಪಲಿ ಬಿಟ್ಟು ನೇರ ನಿಂತು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಅಳೆದು ಅದರಲ್ಲಿ 4ರಿಂದ 5 ಇಂಚು ಕಳೆಯಿರಿ. ಅದು ತರಕಾರಿ ಹೆಚ್ಚುವ ಕಟ್ಟೆಯ ಎತ್ತರ. 5 ಅಡಿ 2 ಇಂಚಿನವರಿಗೆ 34ರ ಆಸುಪಾಸು ಬರುತ್ತದೆ. ಅಳೆಯಬೇಕಾದ್ದು ದಿನಾ ಅಡುಗೆ ಮಾಡುವವರನ್ನು. ಒಂದು ಮನೆಯಲ್ಲಿ ಯಜಮಾನರು ಆರಡಿ, ಅವರೇ ಮುಂದೆ ನಿಂತು 37 ಇಂಚು ಮಾಡಿಸಿದರು. ಈಗ ಅವರ ಹೆಂಡತಿ ಮಣೆಯ ಮೇಲೆ ನಿಂತು ಚಪಾತಿ ಒತ್ತುತ್ತಾರೆ.

ಕಟ್ಟೆಯಿಂದ ಮೇಲಿನ ಕಪಾಟಿಗೆ 22ರಿಂದ 24 ಇಂಚು ಬಿಡಿ. ಮೇಲಿನ ಕಪಾಟಿನ ಆಳ 12ರಿಂದ 14 ಇಂಚು ಸಾಕು, ಇಲ್ಲದಿದ್ದರೆ ಹಣೆಗೆ ಬಡಿಯುತ್ತದೆ.

ನಮ್ಮನೇಲಿ ದಿನಾ ಮುದ್ದೆ. ಈ ಹೊಸ ಕಟ್ಟೆ ಮೇಲೆ ತಿರುವೋಕೇ ಆಗ್ತಿಲ್ಲ ಅಕ್ಕ, ಭುಜ ನೋವು.

ಮಂಡ್ಯ ಕಡೆಯವರ ಮನೆಯಲ್ಲಿ ಈ ಮಾತು ಬರದೇ ಇರಲ್ಲ. ಶೋರೂಮಿನ ಅಡುಗೆಮನೆಯನ್ನು ಕುದಿಸುವ, ಕರಿಯುವ ಜನಕ್ಕೆ ಅಂತ ಮಾಡಿರುತ್ತಾರೆ. ಮುದ್ದೆ ತಿರುವುವವರ ಲೆಕ್ಕ ಅದರಲ್ಲಿ ಇಲ್ಲ.

ಕೂಡಿಸಿ ನೋಡಿ. ಕಟ್ಟೆ 34, ಒಲೆ 5, ಪಾತ್ರೆ 8. ಪಾತ್ರೆಯ ಬಾಯಿ 47 ಇಂಚಿಗೆ ಬಂತು. 5 ಅಡಿ ಎತ್ತರದ ಹೆಂಗಸಿಗೆ ಅದು ಹೆಚ್ಚುಕಮ್ಮಿ ಭುಜದ ಮಟ್ಟ. ಕೋಲಿನ ತುದಿ ಮುಖದ ಮುಂದೆ ಆಡುತ್ತಿರುತ್ತದೆ. ಮೈಭಾರ ಬಿಟ್ಟು ಒತ್ತಬೇಕಾದ ಕೆಲಸವನ್ನು ಬರೀ ತೋಳಿನ ಬಲದಲ್ಲಿ ಮಾಡಬೇಕು. ಹಳ್ಳಿಯಲ್ಲಿ ಪಾತ್ರೆ ನೆಲಕ್ಕಿಳಿಸಿ, ಅದುಮಿ ಹಿಡಿದು ಕೂತು ತಿರುವುತ್ತಿದ್ದುದು ಸುಮ್ನೆ ಅಲ್ಲ.

ಎಷ್ಟೋ ಫ್ಲಾಟ್‌ಗಳಲ್ಲಿ ಈಗಲೂ ಹಾಗೇ ಮಾಡುತ್ತಾರೆ. ಅಳತೆಗೆ ಹೋದಾಗ ನಾನು ಮೊದಲು ನೆಲ ನೋಡುತ್ತೇನೆ. ಒಲೆಯ ಮುಂದಿನ ಬಿಳಿ ಟೈಲಿನ ಮೇಲೆ ಬಳೆಯಂಥ ಕಪ್ಪು ಗುರುತು, ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಸಿಂಬಿ ಇಡದೆ ಪಾತ್ರೆ ಇಳಿಸಿದ ದಿನದ್ದು. ಆ ಮನೆಗೆ ಏನು ಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಎರಡು ದಾರಿ ಇವೆ. ಒಂದು, ಒಲೆಯ ಭಾಗದ ಕಟ್ಟೆಯನ್ನಷ್ಟೇ ಎರಡೂವರೆ ಅಡಿ ಅಗಲಕ್ಕೆ 28 ಇಂಚಿಗೆ ಇಳಿಸುವುದು. ಕಲ್ಲಿನಲ್ಲಿ ಒಂದು ಮೆಟ್ಟಿಲು ಬರುತ್ತದೆ, ನೋಡೋಕೆ ಕೆಲವರಿಗೆ ಇಷ್ಟವಾಗಲ್ಲ, ಕೈಗೆ ಮಾತ್ರ ಸುಖ. ಇನ್ನೊಂದು, ನೆಲದಲ್ಲೇ 2 ಅಡಿ ಚೌಕ ಜಾಗ ಖಾಲಿ ಬಿಟ್ಟು ಅಲ್ಲಿ ಟೈಲಿನ ಬದಲು ಪಾಲಿಷ್ ಇಲ್ಲದ ಗ್ರಾನೈಟ್ ತುಂಡು ಕೂರಿಸುವುದು. ಮಂಡಿ ನೋವಿಲ್ಲದವರಿಗೆ ಇದು ಚೆನ್ನ. ಒಲೆ ಕೊಳ್ಳುವಾಗ ಬರ್ನರ್ ಮೇಲಿನ ಸ್ಟ್ಯಾಂಡ್ ಅಗಲವಾಗಿದೆಯೇ ನೋಡಿ. ಗಾಜಿನ ಒಲೆಯ ಮೇಲೆ ಇಟ್ಟು ಮುದ್ದೆ ತಿರುವಬೇಡಿ. ಪಾತ್ರೆ ಜಾರಿದರೆ ಗಾಜು ಹೋಗುತ್ತದೆ.

ಊರಿಂದ ಅಕ್ಕಿ, ರಾಗಿ ಮೂಟೆ ಬರುತ್ತೆ. ಮಾಡ್ಯುಲರ್‌ನಲ್ಲಿ ಅದನ್ನ ಎಲ್ಲಿಡೋದು?

ಡ್ರಾಯರಿನಲ್ಲಂತೂ ಅಲ್ಲ. ಅದರ ಚಾನೆಲ್ (ಡ್ರಾಯರ್ ಜಾರುವ ಹಳಿ) ಸಾಮಾನ್ಯವಾಗಿ 30ರಿಂದ 50 ಕೆಜಿ ಹೊರುತ್ತದೆ, ಆದರೆ 25 ಕೆಜಿ ಮೂಟೆಯನ್ನು ದೊಪ್ಪನೆ ಹಾಕಿದರೆ ಆರು ತಿಂಗಳಿಗೇ ಜೋತುಬೀಳುತ್ತದೆ. ಕಟ್ಟೆಯ ಕೆಳಗೆ 20 ಇಂಚು ಅಗಲದ ಒಂದು ಖಾನೆಗೆ ತಳ ಹಾಕಿಸದೆ ಬಿಡಿ. ಚಕ್ರದ ಹಲಗೆಯ ಮೇಲೆ ಡ್ರಮ್ಮು ಇಟ್ಟು ಒಳಗೆ ತಳ್ಳಿ. ಗುಡಿಸುವಾಗ ಎಳೆದರಾಯಿತು. ತೆಂಗಿನಕಾಯಿಗೆ ಗಾಳಿ ಬೇಕು, ಅದು ಯುಟಿಲಿಟಿಗೆ.

ಗ್ರೈಂಡರ್, ಮಿಕ್ಸಿ, ಕಾಯಿ ತುರಿಯೋದು ಇದಕ್ಕೆಲ್ಲ ಬೇರೆ ಜಾಗ ಬೇಕಾ?

ಗ್ರೈಂಡರಿಗೆ ಸಿಂಕಿನ ಪಕ್ಕದ ಮೂಲೆ ಕೊಡಿ. ಅದನ್ನು ಕಪಾಟಿನಿಂದ ಎತ್ತಿಟ್ಟು ದೋಸೆಗೆ ರುಬ್ಬುತ್ತೇನೆ ಅಂದುಕೊಂಡವರು ಮೂರನೇ ವಾರದಿಂದ ಅಂಗಡಿ ಹಿಟ್ಟು ತರುತ್ತಾರೆ. ಕಟ್ಟೆಗೆ ತಿರುಪು ಹಾಕಿ ಬಿಗಿಯುವ ತುರಿಮಣೆ ಇದ್ದರೆ ಕಲ್ಲು ಒಂದು ಕಡೆ ಇಂಚೂವರೆ ಮುಂದೆ ಚಾಚಿರಬೇಕು, ಅದರ ಕೆಳಗೆ ಡ್ರಾಯರ್ ಇರಬಾರದು. ಇದನ್ನು ಯಾರೂ ಮೊದಲೇ ಹೇಳಲ್ಲ, ಕಲ್ಲು ಕೂತ ಮೇಲೆ ಹೇಳುತ್ತಾರೆ. ರಬ್ಬರ್ ತಳದ ತುರಿಯುವ ಯಂತ್ರ ನುಣುಪು ಕಲ್ಲಿಗೆ ಮಾತ್ರ ಕಚ್ಚಿಕೊಳ್ಳುತ್ತದೆ, ತರಿತರಿ ಕಲ್ಲಿಗಲ್ಲ.

ಓಪನ್ ಕಿಚನ್ ಮಾಡಿಸೋಣ ಅಂತ ಮಗಳು ಹಠ. ಮಾಡಿಸಲಾ?

ನಿಮ್ಮನೆಯಲ್ಲಿ ದಿನಾ ಒಗ್ಗರಣೆ ಹಾಕುತ್ತೀರಾ, ಒಣಮೆಣಸಿನಕಾಯಿ ಹುರಿಯುತ್ತೀರಾ? ಹಾಗಾದರೆ ಘಾಟು ಸೋಫಾದವರೆಗೆ ಬರುತ್ತದೆ, ಕುಕ್ಕರ್ ಕೂಗಿದಾಗಲೆಲ್ಲ ಟಿವಿ ಸೌಂಡ್ ಏರಿಸಬೇಕು. ಮಗಳಿಗೂ ಬೇಕು ಅಂದರೆ ನಡುವೆ ಜಾರುವ ಗಾಜಿನ ಬಾಗಿಲು ಹಾಕಿಸಿ. ಬೆಳಕು ಬರುತ್ತದೆ, ಒಗ್ಗರಣೆ ಹೊತ್ತಿಗೆ ಎಳೆದುಕೊಳ್ಳಬಹುದು.

## ಸಾಮಾನು

ಪ್ಲೈವುಡ್ಡಾ, ಎಂಡಿಎಫ್ಫಾ (ಮರದ ನಾರು ಒತ್ತಿದ ಹಲಗೆ), ಪಾರ್ಟಿಕಲ್ ಬೋರ್ಡಾ (ಮರದ ಪುಡಿ ಒತ್ತಿದ ಹಲಗೆ)? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ನನ್ನ ಮೊದಲ ಫ್ಲಾಟಿನ ಕಥೆ ಕೇಳಿ. ಅಂಗಡಿಯವರ ಮಾತು ನಂಬಿ ಸಿಂಕಿನ ಕೆಳಗೂ ಪಾರ್ಟಿಕಲ್ ಬೋರ್ಡ್ ಹಾಕಿಸಿದೆ. ಪೈಪಿನ ವಾಷರ್ ತೊಟ್ಟು ತೊಟ್ಟಾಗಿ ಸೋರುತ್ತಿದ್ದುದು ಕಾಣಲೇ ಇಲ್ಲ. ಯುಗಾದಿಗೆ ಕೂತ ಕಪಾಟು ಗೌರಿ ಹಬ್ಬದ ಹೊತ್ತಿಗೆ ಹಾಲಿನಲ್ಲಿ ಅದ್ದಿದ ರಸ್ಕಿನ ಹಾಗೆ ಊದಿಕೊಂಡು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಈ ಕೆಲಸಕ್ಕೆ ನಾನು ಇಳಿದದ್ದೇ ಆ ಸಿಟ್ಟಿಗೆ.

ಕೆಳಗಿನ ಕಪಾಟಿನ ಪೆಟ್ಟಿಗೆಗೆ 18 ಮಿಮೀ ಪ್ಲೈವುಡ್ಡೇ ಸರಿ. ಅದರಲ್ಲೂ ದರ್ಜೆ ನೋಡಿ. ಐಎಸ್ 303 ಅನ್ನುವ ಭಾರತೀಯ ಮಾನಕದಲ್ಲಿ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯೂಆರ್ (ಕುದಿನೀರು ತಡೆಯುವುದು) ಅಂತ ಎರಡಿವೆ. ಎಂಆರ್ ಅಡುಗೆಮನೆಗೆ ಆಗಿಬರಲ್ಲ. ಐಎಸ್ 710 ಅಂದರೆ ಮರೀನ್ ಪ್ಲೈ. ಸಿಂಕಿನ ಸುತ್ತ ಅದನ್ನೇ ಹಾಕಿಸಿ. ಬಾಗಿಲುಗಳಿಗೆ ಎಚ್‌ಡಿಎಚ್‌ಎಂಆರ್ (ತೇವ ತಡೆಯುವ, ಒತ್ತಿ ಮಾಡಿದ ಗಟ್ಟಿ ನಾರಿನ ಹಲಗೆ) ನಡೆಯುತ್ತದೆ, ಮೇಲ್ಮೈ ನುಣುಪು. ಮೇಲಿನ ಕಪಾಟಿಗೆ ನೀರು ತಾಗದ್ದರಿಂದ ಅಲ್ಲಿ ಬಿಡಬ್ಲ್ಯೂಆರ್ ಸಾಕು, ದುಡ್ಡು ಉಳಿಯುತ್ತದೆ.

710 ಅಂತ ಸೀಲ್ ಹೊಡೆದಿದೆ. ಅದನ್ನ ನಂಬಬಹುದಾ?

ಸೀಲ್ ಯಾರು ಬೇಕಾದರೂ ಹೊಡೆಯಬಹುದು. ಕೊಯ್ದಾಗ ಉಳಿದ ಅಂಗೈ ಅಗಲದ ತುಂಡು ಕೇಳಿ ತನ್ನಿ. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ. ಎಂಆರ್ ಪ್ಲೈ ಆಗಿದ್ದರೆ ಪದರಗಳು ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತವೆ. ನಿಜವಾದ 710 ಅಲುಗಾಡಲ್ಲ, ಅದಕ್ಕೆ ಇರುವ ಪರೀಕ್ಷೆಯೇ 72 ಗಂಟೆ ಕುದಿಸುವುದು. ಕುದಿಸುತ್ತೇನೆ ಅಂತ ಅಂಗಡಿಯಲ್ಲಿ ಹೇಳಿದರೇ ಅರ್ಧ ಕೆಲಸ ಆಗಿರುತ್ತದೆ.

ಕಟ್ಟೆಗೆ ಗ್ರಾನೈಟ್ ಹಾಕಿಸಲಾ, ಕ್ವಾರ್ಟ್ಜ್ ಹಾಕಿಸಲಾ?

ನಾನು ಗ್ರಾನೈಟಿನ ಪಕ್ಷ. ಒಳ್ಳೆಯ ಕಪ್ಪು ಕಲ್ಲು ನಮ್ಮ ಪಕ್ಕದ ಚಾಮರಾಜನಗರದಲ್ಲೇ ಸಿಗುತ್ತದೆ. ಅರಿಶಿನ, ಹುಣಸೆಹಣ್ಣು, ಬಿಸಿ ಕುಕ್ಕರ್ ಯಾವುದಕ್ಕೂ ಹೆದರಲ್ಲ. ಕ್ವಾರ್ಟ್ಜ್ ಕಟ್ಟೆಯಲ್ಲಿ ಕಲ್ಲಿನ ಪುಡಿಯ ಜೊತೆ ರಾಳ ಸೇರಿರುತ್ತದೆ. ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ಕಲೆ ಉಳಿಯಬಹುದು. ಬಿಳಿ ಕ್ವಾರ್ಟ್ಜ್ ಮೇಲೆ ಅರಿಶಿನ ಬಿದ್ದರೆ ತಕ್ಷಣ ಒರೆಸಬೇಕು. ಅಷ್ಟು ತಾಳ್ಮೆ ಇದ್ದರೆ ಹಾಕಿಸಿ, ಚೆನ್ನಾಗಿ ಕಾಣುತ್ತದೆ. ಕಡಪ ಕಲ್ಲು ಸುಣ್ಣದ ಜಾತಿಯದು, ನಿಂಬೆರಸ ಬಿದ್ದರೆ ಪಾಲಿಷ್ ಹೋಗುತ್ತದೆ. ಅದು ಕೆಳಗಿನ ಅಟ್ಟಣೆಗೆ ಸರಿ, ಮೇಲಿನ ಕಟ್ಟೆಗೆ ಬೇಡ.

ಬೋರ್ ನೀರಿಗೆ ನಲ್ಲಿ, ಸಿಂಕ್ ಎಲ್ಲಾ ಬೆಳ್ಳಗಾಗುತ್ತೆ. ಯಾವ ಸಿಂಕ್ ತಗೊಳ್ಳಲಿ?

304 ದರ್ಜೆಯ ಸ್ಟೀಲ್, 8ರಿಂದ 9 ಇಂಚು ಆಳ. 202 ದರ್ಜೆಯದು ಅಗ್ಗ, ಆದರೆ ತುಕ್ಕಿನ ಚುಕ್ಕಿ ಬೀಳುತ್ತದೆ. ಎರಡು ಸಣ್ಣ ತೊಟ್ಟಿಗಿಂತ ಒಂದು ದೊಡ್ಡದು ಮೇಲು, ದೋಸೆ ಕಾವಲಿ ಪೂರ್ತಿ ಮಲಗಬೇಕು. ಬಿಳಿ ಪೊರೆ ಬಂದರೆ ಹುಣಸೆಹಣ್ಣು ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ. ಕಾವೇರಿ ನೀರು ಬರುವ ಪೈಪು ಬೇರೆ ಇದ್ದರೆ ಅಡುಗೆಮನೆಯ ನಲ್ಲಿಗೆ ಅದನ್ನೇ ಎಳೆಸಿ.

ಹೊಸ ಕಪಾಟಲ್ಲೂ ಜಿರಳೆ ಬಂತಲ್ಲ?

ಪೈಪು ಗೋಡೆಯೊಳಗೆ ಹೋಗುವ ಜಾಗದಲ್ಲಿ ಸುತ್ತ ಸಂದು ಬಿಟ್ಟಿರುತ್ತಾರೆ. ಅಲ್ಲಿಂದ ಬರುತ್ತವೆ. ಬಿಳಿ ಸಿಮೆಂಟ್ ಇಲ್ಲವೇ ಸಿಲಿಕಾನ್ ತುಂಬಿಸಿ. ಸಾಮಾನು ಬಂದ ರಟ್ಟಿನ ಪೆಟ್ಟಿಗೆಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ.

## ಹೊಗೆ, ಕರೆಂಟ್, ಗ್ಯಾಸ್

1200 ಸಕ್ಷನ್ ಚಿಮ್ನಿ ಹಾಕಿಸಿದ್ರೂ ಹೊಗೆ ಹೋಗಲ್ಲ. ಮೋಸ ಹೋದ್ವಾ?

ಚಿಮ್ನಿಗಿಂತ ಪೈಪು ನೋಡಿ. ಪೆಟ್ಟಿಗೆಯ ಮೇಲಿನ ಸಂಖ್ಯೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯಬಲ್ಲದು ಅನ್ನುವುದು, ಅದೂ ಎದುರಿಗೆ ಅಡ್ಡಿ ಇಲ್ಲದಾಗ. ನಿಮ್ಮನೆಯಲ್ಲಿ ಪೈಪು ಮೂರು ಸಲ ತಿರುಗಿ, ಫ್ರಿಜ್ಜಿನ ಮೇಲೆ ಹಾದು, 12 ಅಡಿ ಹೋಗಿದ್ದರೆ ಎಳೆತ ದಾರಿಯಲ್ಲೇ ಸತ್ತಿರುತ್ತದೆ. 6 ಇಂಚಿನ ಪೈಪು, ಆದಷ್ಟು ನೇರ, ಆದಷ್ಟು ಗಿಡ್ಡ. ಒಲೆಯಿಂದ ಚಿಮ್ನಿಗೆ 26ರಿಂದ 30 ಇಂಚು. ಪೈಪಿಲ್ಲದ ಚಿಮ್ನಿ ಜಿಡ್ಡು ಹಿಡಿಯಬಹುದು, ಹಬೆ ಮತ್ತು ಬಿಸಿ ಕೋಣೆಯಲ್ಲೇ ಉಳಿಯುತ್ತವೆ. ಇನ್ನೊಂದು, ಎಲ್ಲಾ ಕಿಟಕಿ ಮುಚ್ಚಿ ಚಿಮ್ನಿ ಹಾಕಿದರೆ ಎಳೆಯೋಕೆ ಗಾಳಿ ಎಲ್ಲಿಂದ ಬರಬೇಕು? ದೂರದ ಒಂದು ಕಿಟಕಿ ತೆರೆದಿಡಿ.

ಎಷ್ಟು ಸಾಕೆಟ್ ಬೇಕು? ಇಂಡಕ್ಷನ್ ಹಾಕಿದ್ರೆ ಪ್ಲಗ್ ಬಿಸಿಯಾಗುತ್ತೆ.

2000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿಗೆ ಹತ್ತಿರಹತ್ತಿರ 9 ಆಂಪ್ ಎಳೆಯುತ್ತದೆ. 6 ಆಂಪಿನ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿದರೆ ಬಿಸಿಯಾಗದೆ ಇನ್ನೇನು? ಇಂಡಕ್ಷನ್, ಓವನ್, ಡಿಶ್‌ವಾಷರ್ ಒಂದೊಂದಕ್ಕೂ 16 ಆಂಪಿನ ಸಾಕೆಟ್, ದಪ್ಪ ವೈರು, ಬೇರೆ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಆರುವ ಸ್ವಿಚ್). ಮಿಕ್ಸಿ, ಗ್ರೈಂಡರಿಗೆ ಕಟ್ಟೆಯಿಂದ 8 ಇಂಚು ಮೇಲೆ. ಸಿಂಕಿನ ಮೇಲೆ, ಒಲೆಯ ಹಿಂದೆ ಸಾಕೆಟ್ ಬೇಡ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದಿದ್ದರೆ ಈ ಸಲವೇ ಹಾಕಿಸಿ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವ ಮನೆ ಇದು. ಹೊಸ ಸಾಮಾನು ಜಾಸ್ತಿಯಾದರೆ ಮಂಜೂರಾದ ಲೋಡ್ ಸಾಲುತ್ತದೆಯೇ ಅಂತ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್ಲಿನಲ್ಲಿ ನೋಡಿಕೊಳ್ಳಿ.

ಸಿಲಿಂಡರ್ ಕಪಾಟಿನೊಳಗೆ ಇಡಬಹುದಾ? ಮುಂದೆ ಪೈಪ್ ಗ್ಯಾಸ್ ಬಂದ್ರೆ?

ಇಡಬಹುದು, ಆದರೆ ಆ ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರುತ್ತದೆ, ಅದಕ್ಕೆ ಜಾಲರಿ ಮೇಲೆ ಬೇಕು. ಈಗಲೇ ಎರಡೂ ಕಡೆ ಇಡಿಸಿಬಿಡಿ. ರಬ್ಬರ್ ಪೈಪನ್ನು ಗೋಡೆಯೊಳಗೆ ತೂರಿಸಬೇಡಿ, 5 ವರ್ಷಕ್ಕೊಮ್ಮೆ ಬದಲಾಯಿಸಿ. ಪೈಪ್ ಗ್ಯಾಸ್ ಬಂದಾಗ ಒಲೆ ಅದೇ ಇರಬಹುದು, ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ ಮಾತ್ರ ಬದಲಾಯಿಸಬೇಕು.

## ಗೋಡೆ, ಪೈಪು, ದುಡ್ಡು

ಅಡುಗೆಮನೆ, ಹಾಲ್ ನಡುವಿನ ಗೋಡೆ ಒಡೆಯಬಹುದಾ?

ಕಂಬ, ತೊಲೆಯ ಮೇಲೆ ನಿಂತ ಕಟ್ಟಡದಲ್ಲಿ ನಡುವಿನ 4 ಇಂಚಿನ ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಭಾರ ಹೊರುವುದಿಲ್ಲ. ಎಂಜಿನಿಯರ್ ನಕ್ಷೆ ನೋಡಿ ಹೂಂ ಅಂದರೆ ಒಡೆಯಬಹುದು. ಆದರೆ ಹೊಸ ಫ್ಲಾಟ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚಿಟ್ಟು ಎರಕ ಹೊಯ್ದ ಕಾಂಕ್ರೀಟ್ ಗೋಡೆ ಬರುತ್ತದೆ. ಅಲ್ಲಿ ಗೋಡೆಯೇ ಕಂಬ. ಕಿಟಕಿ ದೊಡ್ಡದು ಮಾಡುವುದೂ ಇಲ್ಲ, ಪೈಪು ಕೂರಿಸೋಕೆ ಗೋಡೆ ಕೊರೆಯುವುದೂ ಇಲ್ಲ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಫ್ಲಾಟಿನ ಮಾಲೀಕರು ತಮ್ಮಷ್ಟಕ್ಕೆ ಮಾಡುವಂತಿಲ್ಲ ಅಂತ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೇ ಇದೆ. ಸಂಘದವರಿಗೆ ಮೊದಲೇ ಬರೆದುಕೊಟ್ಟು ಕೆಲಸದ ಹೊತ್ತು, ಮಣ್ಣು ಸಾಗಿಸುವ ಲಿಫ್ಟು ಎಲ್ಲಾ ಮಾತಾಡಿಕೊಳ್ಳಿ.

ಸಿಂಕನ್ನ ಎದುರುಗಡೆ ಗೋಡೆಗೆ ಹಾಕಿಸಬೇಕು. ಆಗುತ್ತಾ?

ಅದೇ ಗೋಡೆಯ ಉದ್ದಕ್ಕೆ ಸರಿಸುವುದಾದರೆ ಆಗುತ್ತದೆ. ಕೊಳೆನೀರಿನ ಪೈಪಿಗೆ ಪ್ರತಿ 4 ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಸಿಕ್ಕರೆ ಸಾಕು. ಎದುರು ಗೋಡೆಗೆ ಅಂದರೆ ಪೈಪು ನೆಲ ದಾಟಬೇಕು. ನೆಲ ಕೊರೆದು ಕೆಳಗಿಳಿಸಿದರೆ ಅದು ನೇತಾಡುವುದು ಕೆಳಮನೆಯವರ ಚಾವಣಿಯಲ್ಲಿ. ಅವರು ಒಪ್ಪುತ್ತಾರಾ? ನೆಲ ಎತ್ತರಿಸಿದರೆ ಬಾಗಿಲ ಹತ್ತಿರ ಮೆಟ್ಟಿಲಾಗಿ ವಯಸ್ಸಾದವರು ಎಡವುತ್ತಾರೆ. ನಾನು ಹತ್ತು ಮನೆಗೆ ಒಂಬತ್ತರಲ್ಲಿ ಸಿಂಕನ್ನು ಅಲ್ಲೇ ಬಿಟ್ಟು ಒಲೆಯನ್ನು ಸರಿಸುತ್ತೇನೆ.

ಮೂರು ಕಡೆ ಕೊಟೇಶನ್ ತಗೊಂಡೆ, ಮೂರೂ ಬೇರೆ ಬೇರೆ. ಹೋಲಿಸೋದು ಹೇಗೆ?

ಒಬ್ಬರು ಬಾಗಿಲಿನ ಚದರ ಅಡಿ ಲೆಕ್ಕ ಹಾಕಿರುತ್ತಾರೆ, ಇನ್ನೊಬ್ಬರು ಉದ್ದದ ಅಡಿ. ಒಬ್ಬರಲ್ಲಿ ಬುಟ್ಟಿ, ಚಾನೆಲ್, ಹಿಡಿ ಸೇರಿದೆ, ಇನ್ನೊಬ್ಬರಲ್ಲಿ ಅದೆಲ್ಲ ಬೇರೆ. ಒಂದು ಹಾಳೆಯಲ್ಲಿ ನೀವೇ ಬರೆದುಕೊಡಿ: ಪೆಟ್ಟಿಗೆಗೆ ಯಾವ ಪ್ಲೈ, ಎಷ್ಟು ಮಿಮೀ, ಹಿಂದಿನ ಹಲಗೆ ಎಷ್ಟು ದಪ್ಪ, ಒಳಗೂ ಲ್ಯಾಮಿನೇಟ್ ಇದೆಯೇ, ಎಷ್ಟು ಡ್ರಾಯರ್, ಕೀಲು ಯಾವ ಕಂಪನಿಯದು, ಒಡೆದ ಮಣ್ಣು ಸಾಗಿಸುವುದು ಯಾರು, ಜಿಎಸ್‌ಟಿ ಸೇರಿದೆಯೇ. ಈ ಹಾಳೆಗೆ ಮೂವರೂ ರೇಟ್ ಬರೆಯಲಿ. ಹಿಂದಿನ ಹಲಗೆಯಲ್ಲೇ ಹೆಚ್ಚು ಕಳ್ಳಾಟ, ಅದು ಕಣ್ಣಿಗೆ ಬೀಳಲ್ಲ ನೋಡಿ.

ಕೆಲಸ ಮುಗೀತು ಅಂತಿದ್ದಾರೆ. ಕೊನೇ ಕಂತು ಕೊಡಲಾ?

ಇವತ್ತೇ ಬೇಡ. ಸಿಂಕಿಗೆ ಬೆಣೆ ಹಾಕಿ ಬಾಯಿವರೆಗೆ ನೀರು ತುಂಬಿಸಿ, ಒಮ್ಮೆಲೇ ಬಿಡಿ. ಪೈಪಿನ ಜೋಡಣೆ ಸೋರಿದರೆ ಆಗಲೇ ಸೋರುತ್ತದೆ. ಪ್ರತಿ ಡ್ರಾಯರಿಗೂ ನಿಮ್ಮ ಭಾರದ ಪಾತ್ರೆಗಳನ್ನೇ ತುಂಬಿ ಎಳೆದು ನೋಡಿ. ಮೂಲೆಯ ಎರಡು ಬಾಗಿಲು ಒಟ್ಟಿಗೆ ತೆರೆದರೆ ಹಿಡಿಗೆ ಹಿಡಿ ಬಡಿಯುತ್ತದೆಯೇ? ಆಮೇಲೆ ಸಿಂಕಿನ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿ ಒಂದು ವಾರ ಬಿಡಿ. ಎಂಟನೇ ದಿನ ಪೇಪರ್ ಗರಿಗರಿಯಾಗಿದ್ದರೆ ಫೋನ್ ಮಾಡಿ, ದುಡ್ಡು ಕೊಟ್ಟು ಕಳಿಸಿ.